ಕಾರ್ಲ್ಸ್‌ಬರ್ಗ್ ಬಿಯರ್ ಯಾರ ಹೆಸರಲ್ಲಿದೆಯೋ ಆ ಮಗನಿಗೇ ಬ್ರೂವರಿ ಯಾಕೆ ಸಿಗಲಿಲ್ಲ?

ಅಪ್ಪ ಅದನ್ನು ಮಗನಿಗೆ ಬಿಡದೆ ಪ್ರತಿಷ್ಠಾನಕ್ಕೆ ಬರೆದರು. ಕಾರಣ, ಇಬ್ಬರ ನಡುವಿನ ಜಗಳ.

ಡೆನ್ಮಾರ್ಕಿನ ಜೆ.ಸಿ. ಯಾಕೋಬ್ಸನ್ 1847ರಲ್ಲಿ ಕೋಪನ್‌ಹೇಗನ್ ಹೊರವಲಯದ ಗುಡ್ಡದ ಮೇಲೆ ಬ್ರೂವರಿ ಶುರು ಮಾಡಿ, ಮಗ ಕಾರ್ಲ್ ಹೆಸರಿಟ್ಟರು. ಕಾರ್ಲ್ಸ್‌ಬರ್ಗ್ ಅಂದರೆ 'ಕಾರ್ಲನ ಗುಡ್ಡ'. ಬಿಯರನ್ನು ತಣ್ಣಗೆ ತಿಂಗಳುಗಟ್ಟಲೆ ಇಟ್ಟರೇ ಹದ ಬರುವುದು ಎಂಬುದು ಅಪ್ಪನ ಹಟ. ಪಕ್ಕದಲ್ಲೇ ಇನ್ನೊಂದು ಬ್ರೂವರಿ ನಡೆಸುತ್ತಿದ್ದ ಮಗ ಬೇಗ ಇಳಿಸಿ ಜಾಸ್ತಿ ಮಾರುತ್ತಿದ್ದರು. ಜಗಳ ಎಷ್ಟಿತ್ತೆಂದರೆ, ಎರಡು ಬ್ರೂವರಿಗಳ ನಡುವಿನ ಒಂದೇ ರಸ್ತೆಗೆ ಇಬ್ಬರೂ ಬೇರೆಬೇರೆ ಹೆಸರಿನ ಬೋರ್ಡು ಹಾಕಿದ್ದರು! 1876ರಲ್ಲಿ ಅಪ್ಪ ವಿಜ್ಞಾನಕ್ಕಾಗಿ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ ಕಟ್ಟಿದ್ದರು. ಕೊನೆಗೆ ಬ್ರೂವರಿ ಅದರ ಪಾಲಾಯಿತು. 1887ರಲ್ಲಿ ಅಪ್ಪ ತೀರಿಕೊಳ್ಳುವ ಮುಂಚೆ ಇಬ್ಬರೂ ರಾಜಿಯಾಗಿದ್ದರು ಅನ್ನುವುದೇ ಸಮಾಧಾನ.

ತಮಾಷೆಯೆಂದರೆ, 1902ರಲ್ಲಿ ಕಾರ್ಲ್ ಕೂಡ ತಮ್ಮ ಬ್ರೂವರಿಯನ್ನು ಅದೇ ಪ್ರತಿಷ್ಠಾನಕ್ಕೆ ಕೊಟ್ಟರು. ಲಾಭದಲ್ಲಿ ಕಲೆಗೂ ಪಾಲು ಸಿಗುವಂತೆ ನೋಡಿಕೊಂಡರು. ಅವರು ಕೂಡಿಟ್ಟ ಶಿಲ್ಪಗಳು ಗ್ಲಿಪ್ಟೊಟೆಕ್ ಮ್ಯೂಸಿಯಂ ಆದವು. ಕೋಪನ್‌ಹೇಗನ್ ಬಂದರಿನ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆ ಗೊತ್ತಲ್ವಾ? 1913ರಲ್ಲಿ ಅದನ್ನು ಊರಿಗೆ ಕೊಟ್ಟವರೂ ಇವರೇ.