ಜಾಲತಾಣ ಪ್ರಶ್ನೋತ್ತರ: ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ

ಪ್ರಶ್ನೆ: ನಮ್ಮದು ಹೋಂಸ್ಟೇ. ವೆಬ್‌ಸೈಟ್ ಮಾಡಿಕೊಟ್ಟವರು ಪುಟದ ತಳದಲ್ಲಿ ‘ಕೂರ್ಗ್ ರೆಸಾರ್ಟ್, ಸಕಲೇಶಪುರ ಹೋಂಸ್ಟೇ, ಅಗ್ಗದ ರೂಮು’ ಎಂದು ನೂರಾರು ಪದಗಳನ್ನು ಬಿಳಿ ಬಣ್ಣದಲ್ಲಿ ತುಂಬಿದ್ದಾರೆ. ಗೂಗಲ್‌ನಲ್ಲಿ ಮೇಲೆ ಬರುತ್ತದಂತೆ. ಯಾರಿಗೂ ಕಾಣದಿದ್ದರೆ ತೊಂದರೆ ಏನು?
– ಓದುಗರು, ಚಿಕ್ಕಮಗಳೂರು

ಉತ್ತರ: ಇವತ್ತೇ ತೆಗೆಸಿ. ಗೂಗಲ್‌ಗಾಗಿ ಪುಟಗಳನ್ನು ಓದುವ ತಂತ್ರಾಂಶವಾದ ಗೂಗಲ್‌ಬಾಟ್ ಬರೀ ಎಚ್‌ಟಿಎಂಎಲ್ (ಪುಟದ ಮೂಲ ಕೋಡ್) ಓದಿಕೊಂಡು ಹೋಗುವುದಿಲ್ಲ. ಕ್ರೋಮ್ ಬ್ರೌಸರಿನಂತೆಯೇ ಪುಟವನ್ನು ಬಿಡಿಸಿ ನೋಡುತ್ತದೆ. ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣ, ಗಾತ್ರ ಎಲ್ಲವೂ ಅದಕ್ಕೆ ಗೊತ್ತಾಗುತ್ತವೆ. ಫಾಂಟ್ ಗಾತ್ರ ಸೊನ್ನೆ ಮಾಡುವುದು, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಕೋಡಿನಿಂದ ಪರದೆಯ ಆಚೆಗೆ ತಳ್ಳುವುದು, ಚಿತ್ರದ ಹಿಂದೆ ಅಡಗಿಸುವುದು, ಒಂದು ಅಡ್ಡಗೆರೆಗೆ ಮಾತ್ರ ಲಿಂಕ್ ಕೊಡುವುದು – ಇವೆಲ್ಲ ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರು ಹಿಡಿದು ಹೇಳಿರುವ ತಪ್ಪುಗಳು.

ಶಿಕ್ಷೆ ಎರಡು ಬಗೆ. ಒಂದರಲ್ಲಿ ಯಂತ್ರವೇ ಪುಟವನ್ನು ಕೆಳಗೆ ತಳ್ಳುತ್ತದೆ. ಸೂಚನೆ ಏನೂ ಬರುವುದಿಲ್ಲ, ಬುಕಿಂಗ್ ಕಡಿಮೆಯಾದಾಗಲೇ ತಿಳಿಯುವುದು. ಇನ್ನೊಂದು ಗೂಗಲ್ ಸಿಬ್ಬಂದಿಯೇ ನೋಡಿ ಕೈಗೊಳ್ಳುವ ಮ್ಯಾನುಯಲ್ ಆ್ಯಕ್ಷನ್. ಇದರಲ್ಲಿ ಇಡೀ ಸೈಟೇ ಹುಡುಕಾಟದಿಂದ ಮಾಯವಾಗಬಹುದು. ದೊಡ್ಡವರಿಗೂ ರಿಯಾಯಿತಿ ಇಲ್ಲ. ಓದುಗರಿಗೆ ಕಾಣದಂತೆ ‘ಹಳೇ ಕಾರು’ ಎಂಬರ್ಥದ ಪದ ತುರುಕಿದ್ದ ಪುಟಗಳನ್ನು ಇಟ್ಟುಕೊಂಡಿದ್ದಕ್ಕೆ 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ಸೈಟನ್ನೇ ಗೂಗಲ್ ಹೊರಗಿಟ್ಟಿತ್ತು. ಅವರು ಸರಿಪಡಿಸಿ ಕೆಲವೇ ದಿನಗಳಲ್ಲಿ ವಾಪಸ್ ಬಂದರು. ಸಣ್ಣ ಹೋಂಸ್ಟೇಗೆ ಅಷ್ಟು ಬೇಗ ಆಗುತ್ತದೆಂದು ನಂಬಿ ಕೂರಬೇಡಿ.

ಅಂದಹಾಗೆ, ‘ಯಾರಿಗೂ ಕಾಣದು’ ಎಂಬುದೂ ನಿಜವಲ್ಲ. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ಆ ನೂರಾರು ಪದಗಳನ್ನು ಒಂದೂ ಬಿಡದೆ ಓದಿ ಹೇಳುತ್ತದೆ.

ಪ್ರಶ್ನೆ: ಬಚ್ಚಿಟ್ಟ ಪಠ್ಯದ ಬಗ್ಗೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸೇವೆ) ನೋಟಿಸ್ ಬಂದಿದೆ. ನಾವು ಏನೂ ಹಾಕಿಲ್ಲ!
– ಓದುಗರು, ಹುಬ್ಬಳ್ಳಿ

ಉತ್ತರ: ಹಾಗಾದರೆ ಹ್ಯಾಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಔಷಧಿ, ಜೂಜಿನ ಲಿಂಕುಗಳನ್ನು ಹೀಗೇ ಅಡಗಿಸಿಡುತ್ತಾರೆ. ಮೊದಲು ಪುಟದಲ್ಲಿ ಕಂಟ್ರೋಲ್–ಎ ಒತ್ತಿ. ಬಣ್ಣದಲ್ಲಿ ಅಡಗಿದ್ದು ಎದ್ದು ಕಾಣುತ್ತದೆ. ಸಿಎಸ್‌ಎಸ್‌ನ ‘display: none’ ಆದೇಶದಿಂದ ಪರದೆಗೆ ಬಾರದಂತೆ ಮಾಡಿದ್ದು ಇದರಲ್ಲಿ ಸಿಗದು, ಅದಕ್ಕೆ ಪುಟದ ಸೋರ್ಸ್ (ಮೂಲ ಕೋಡ್) ತೆರೆದು ಹುಡುಕಬೇಕು. ಗೂಗಲ್‌ಬಾಟ್‌ಗೆ ಮಾತ್ರ ತೋರಿಸುವ ಪಠ್ಯ ಸೋರ್ಸ್‌ನಲ್ಲೂ ಸಿಗುವುದಿಲ್ಲ. ಅದಕ್ಕೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ (ಪುಟದ ವಿಳಾಸ) ತಪಾಸಣೆಯಲ್ಲಿ ಲೈವ್ ಟೆಸ್ಟ್ ಮಾಡಿ, ಅಲ್ಲಿ ಬರುವ ಎಚ್‌ಟಿಎಂಎಲ್ ನೋಡಿ.

ಪುಕ್ಕಟೆಯಾಗಿ ಸಿಕ್ಕ ಪೈರೇಟೆಡ್ ಥೀಮ್ (ಸಿದ್ಧ ವಿನ್ಯಾಸ), ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಇದ್ದರೆ ಕಿತ್ತುಹಾಕಿ, ಉಳಿದವನ್ನು ಅಪ್‌ಡೇಟ್ ಮಾಡಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಎಲ್ಲ ಪುಟಗಳೂ ಶುಚಿಯಾದ ಮೇಲಷ್ಟೇ ಮರುಪರಿಶೀಲನೆಗೆ ಅರ್ಜಿ ಹಾಕಿ. ಏನು ಸಿಕ್ಕಿತು, ಏನು ತೆಗೆದಿರಿ, ಮತ್ತೆ ನುಸುಳದಂತೆ ಏನು ಮಾಡಿದಿರಿ ಎಂದು ನೇರವಾಗಿ ಬರೆಯಿರಿ. ಅರೆಬರೆ ಕೆಲಸ ಮಾಡಿ ಕಳಿಸಿದ ಅರ್ಜಿ ತಿರಸ್ಕೃತವಾಗುತ್ತದೆ. ಉತ್ತರ ಬರುವ ಮೊದಲೇ ಇನ್ನೊಂದು ಅರ್ಜಿ ಹಾಕಬೇಡಿ.

ಪ್ರಶ್ನೆ: ಒತ್ತಿದರೆ ಬಿಚ್ಚಿಕೊಳ್ಳುವ ಪ್ರಶ್ನೋತ್ತರವೂ ಬಚ್ಚಿಟ್ಟ ಪಠ್ಯವೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ. ಓದುಗರು ಒತ್ತಿ ನೋಡಬಹುದಾದ ಅಕಾರ್ಡಿಯನ್, ಟ್ಯಾಬ್‌ಗಳಿಗೆ ಅಡ್ಡಿಯಿಲ್ಲ. ಚಿತ್ರವನ್ನು ಮಾತಿನಲ್ಲಿ ವಿವರಿಸಲು ಕೋಡಿನಲ್ಲಿ ಬರೆಯುವ ಆಲ್ಟ್ ಪಠ್ಯವೂ ಹಾಗೆಯೇ. ‘ಕಾಫಿ ತೋಟದ ನಡುವಿನ ಹೆಂಚಿನ ಮನೆ’ ಎಂದು ಚಿತ್ರದಲ್ಲಿ ಇರುವುದನ್ನು ಬರೆಯಿರಿ, ಊರುಗಳ ಪಟ್ಟಿ ತುರುಕಬೇಡಿ.