ಬಂಡಲ್ ಹಂಚುವ ಕೈ ಈಗ ನಿಮ್ಮದು

ಪ್ರಶ್ನೆ: ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಆರು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೆ. ಯುಗಾದಿ ಆದ ಮೇಲೆ ಮಾಲೀಕರು ನನ್ನನ್ನೇ ಲೈನ್ ಸೂಪರ್‌ವೈಸರ್ ಮಾಡಿದರು. ಅವತ್ತಿನಿಂದ ಗೆಳತಿಯರು ಮೊದಲಿನಂತಿಲ್ಲ. ನಾನು ಹೋದರೆ ಮಾತು ನಿಲ್ಲುತ್ತದೆ, ಊಟದ ಡಬ್ಬಿ ಬೇರೆ ಕಡೆ ಬಿಚ್ಚುತ್ತಾರೆ. ನಮ್ಮ ವಾರದ ಚೀಟಿ ದುಡ್ಡು ಎತ್ತುವವಳೂ ನಾನೇ. ನನಗೆ ಕೆಲಸ ಕಲಿಸಿದ ಅಕ್ಕ ದಿನಾ ತಡವಾಗಿ ಬರುತ್ತಾರೆ, ಹೊಲಿಗೆ ತಪ್ಪಿ ವಾಪಸ್ ಬರುವ ಆಲ್ಟ್ರೇಷನ್ ಪೀಸೂ ಅವರದೇ ಜಾಸ್ತಿ. ಹೇಳಿದರೆ ‘ನೀ ಈಗ ದೊಡ್ಡಾಕಿ ಆದಿ ಬಿಡವ್ವ’ ಅನ್ನುತ್ತಾರೆ. ಯಾರು ಏನು ಮಾತಾಡ್ತಾರೆ ಹೇಳು ಅಂತ ಮಾಲೀಕರು ಬೇರೆ ಕೇಳುತ್ತಾರೆ. ವಾಪಸ್ ಮಷೀನ್‌ಗೇ ಹೋಗಿಬಿಡಲಾ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಈಗಲೇ ಹೋಗಬೇಡಿ.

ಗೆಳತಿಯರಿಗೆ ಹೊಟ್ಟೆಕಿಚ್ಚು ಅಂತ ನಿಮಗೆ ಅನ್ನಿಸಿರಬಹುದು. ಸ್ವಲ್ಪ ಇದ್ದರೂ ಇರಬಹುದು. ಆದರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಂಡಿದ್ದು ಅವರ ಭಯ. ಹೊಲಿದ ಪೀಸಿಗೆ ಇಷ್ಟು ಅಂತ ಕೂಲಿ ಸಿಗುವ ಪೀಸ್ ರೇಟ್ ಕೆಲಸದಲ್ಲಿ, ಹೊಲಿಯಬೇಕಾದ ಬಟ್ಟೆಯ ಬಂಡಲ್ ಹಂಚುವವರೆಂದರೆ ಕೂಲಿ ಹಂಚುವವರೇ ಅಲ್ವಾ? ದಪ್ಪ ಬಟ್ಟೆಯ ಬಂಡಲ್ ಬಂದವರಿಗೆ ಸೂಜಿ ಮುರಿಯುತ್ತದೆ, ಕೈ ನಿಧಾನವಾಗುತ್ತದೆ, ರೇಟ್ ಮಾತ್ರ ಅದೇ. ಕರೆಂಟ್ ಹೋಗಿ ಬಂದಾಗ ಮುಂದಿನ ಬಂಡಲ್ ಯಾರ ಕೈಗೆ ಮೊದಲು ಸಿಗುತ್ತದೋ ಅವರ ದಿನ ಉಳಿಯುತ್ತದೆ. ಬಳ್ಳಾರಿ ಬಿಸಿಲು ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಫ್ಯಾನ್ ಕೆಳಗಿನ ಮಷೀನ್ ಯಾರದು ಅನ್ನುವುದೂ ಸಣ್ಣ ಮಾತಲ್ಲ. ಇದೆಲ್ಲ ಈಗ ನಿಮ್ಮ ಕೈಗೆ ಬಂದಿದೆ. ಮೊನ್ನೆವರೆಗೆ ಪಕ್ಕದಲ್ಲಿ ಕೂತು ನಗುತ್ತಿದ್ದವಳು ಬಟವಾಡೆ ದಿನ ತನ್ನ ಕೈಗೆ ಎಷ್ಟು ಬರಬೇಕು ಅಂತ ತೀರ್ಮಾನಿಸುತ್ತಾಳೆ ಅಂದರೆ ಯಾರಿಗಾದರೂ ಮಾತು ಕಟ್ಟುತ್ತದೆ.

ಹಾಗಾಗಿ ‘ನಾನು ಅದೇ ಹಳೇ ಗೆಳತಿ’ ಅಂತ ಹೇಳಿಕೊಂಡು ತಿರುಗಬೇಡಿ. ಹಂಚಿಕೆಯನ್ನು ಎಲ್ಲರ ಕಣ್ಣಿಗೆ ಕಾಣುವ ಹಾಗೆ ಮಾಡಿ. ಗೋಡೆಗೆ ಒಂದು ಬೋರ್ಡ್ ಹಾಕಿ, ಯಾರಿಗೆ ಯಾವ ಬಂಡಲ್ ಹೋಯಿತು ಅಂತ ದಿನಾ ಬರೆಯಿರಿ. ದಪ್ಪ ಬಟ್ಟೆ ಪಾಳಿಯ ಮೇಲೆ ಎಲ್ಲರಿಗೂ ಹೋಗಲಿ. ಫ್ಯಾನ್ ಕೆಳಗಿನ ಜಾಗವೂ ಹಾಗೇ. ಲೈನ್‌ನಲ್ಲಿ ಬೆವರು ಸುರಿಸಿದ ನಿಮಗೆ ಯಾವ ಪಾಳಿ ನ್ಯಾಯ ಅಂತ ಹೊರಗಿನಿಂದ ಬಂದವರಿಗಿಂತ ಚೆನ್ನಾಗಿ ಗೊತ್ತು. ನೀವು ಈ ಕೆಲಸ ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಚೀಟಿ ದುಡ್ಡು ಎತ್ತುವ ಕೆಲಸವನ್ನು ಈ ವಾರವೇ ಇನ್ನೊಬ್ಬರಿಗೆ ಒಪ್ಪಿಸಿ. ಚೀಟಿಯಲ್ಲಿ ಇರಿ, ಲೆಕ್ಕ ಮಾತ್ರ ನಿಮ್ಮ ಹತ್ತಿರ ಬೇಡ. ಕೈಸಾಲ ಕೊಡುವುದು, ತಗೊಳ್ಳುವುದು ಎರಡೂ ನಿಲ್ಲಲಿ. ಸಾಲ ಕೊಟ್ಟವಳಿಗೇ ಒಳ್ಳೇ ಬಂಡಲ್ ಹೋಯಿತು ಅನ್ನುವ ಮಾತು ಒಮ್ಮೆ ಹುಟ್ಟಿದರೆ ಬೋರ್ಡ್ ಕೂಡ ಕಾಪಾಡುವುದಿಲ್ಲ.

ಇನ್ನು ಆ ಅಕ್ಕನ ಮಾತು. ಅವರಿಗೆ ಲೈನ್‌ನಲ್ಲಿ, ನಾಲ್ಕು ಜನರ ಮುಂದೆ ಏನೂ ಹೇಳಬೇಡಿ. ಸಂಜೆ ಜೊತೆಗೆ ಬಸ್‌ಸ್ಟಾಪಿನವರೆಗೆ ನಡೆಯಿರಿ. ‘ಅಕ್ಕಾ, ಬೆಳಿಗ್ಗೆ ಮನೇಲಿ ಏನಾದರೂ ತೊಂದರೆ ಇದೆಯಾ?’ ಅಂತ ಮೊದಲು ಕೇಳಿ. ಅವರ ವಯಸ್ಸು ನೀವು ಬರೆದಿಲ್ಲ. ನಲವತ್ತು ದಾಟಿದ್ದರೆ ಕಣ್ಣಿನ ಕಡೆ ನನ್ನ ಅನುಮಾನ. ಆ ವಯಸ್ಸಿಗೆ ಹತ್ತಿರದ್ದು ಮಸುಕಾಗುತ್ತಾ ಬರುತ್ತದೆ. ಕಡುನೀಲಿ ಬಟ್ಟೆ ಮೇಲೆ ಅದೇ ಬಣ್ಣದ ದಾರ ಬಿದ್ದರೆ ಹೊಲಿಗೆ ತಪ್ಪಿದ್ದು ಕಾಣುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಒಂದು ದಿನ ಕರೆದುಕೊಂಡು ಹೋಗಿ. ಒಂದು ಕನ್ನಡಕಕ್ಕೇ ಆಲ್ಟ್ರೇಷನ್ ಅರ್ಧ ಕಡಿಮೆಯಾದರೂ ಆಗಬಹುದು. ಇಷ್ಟಾದ ಮೇಲೂ ತಡ ನಿಲ್ಲದಿದ್ದರೆ, ಬೇರೆಯವರಿಗೆ ಹೇಗೋ ಅವರಿಗೂ ಹಾಗೇ ಹಾಜರಿ ಬರೆಯಿರಿ. ಅದನ್ನು ಮೊದಲೇ ಅವರಿಗೆ ಹೇಳಿ ಬರೆಯಿರಿ. ಬೇಸರ ಮಾಡಿಕೊಂಡಾರು. ಆದರೂ ಅವರನ್ನು ಅಕ್ಕ ಅಂತಲೇ ಕರೆಯಿರಿ.

ಮಾಲೀಕರಿಗೆ ನೇರವಾಗಿ ಹೇಳಿ: ‘ಪೀಸ್, ಹಾಜರಿ, ಆಲ್ಟ್ರೇಷನ್ ಲೆಕ್ಕ ದಿನಾ ಕೊಡ್ತೀನಿ ಸರ್. ಅವರವರ ಮಾತು ನನ್ನನ್ನು ಕೇಳಬೇಡಿ.’ ಒಂದು ಸಲ ಚಾಡಿ ಹೇಳಿದರೆ ಲೈನ್ ನಿಮ್ಮ ಕೈ ತಪ್ಪಿತು ಅಂತಲೇ ತಿಳಿಯಿರಿ. ಹೊತ್ತು ಮೀರಿ ಕೂರಿಸು ಅಂತ ಅವರು ಹೇಳಿದರೆ, ಕಾರ್ಖಾನೆಗಳಲ್ಲಿ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಅನ್ನುವ ನಿಯಮ 1948ರ ಕಾಯ್ದೆಯಿಂದಲೇ ಇದೆ, ಪೀಸ್ ರೇಟಿನವರಿಗೂ ಇದೆ. ಅದನ್ನು ಕೇಳುವುದು ನಿಮ್ಮ ಬಾಯಿಂದಲೇ ಬರಲಿ.

ಊಟಕ್ಕೆ ಅವರು ಬೇರೆ ಕೂತರೆ ಕೂರಲಿ, ಸುಮ್ನೆ ಬಿಡಿ. ಸೂಪರ್‌ವೈಸರ್ ಮೇಲೆ ಗೊಣಗಲು ಅವರಿಗೂ ಒಂದು ಜಾಗ ಬೇಕು. ನಿಮಗೂ ಬೇಕಿತ್ತಲ್ಲ?

ದೀಪಾವಳಿವರೆಗೆ ನೋಡಿ. ಆಗಲೂ ಬೆಳಿಗ್ಗೆ ಎದ್ದರೆ ಕೆಲಸಕ್ಕೆ ಹೋಗಲು ಮನಸ್ಸೇ ಬರದಿದ್ದರೆ ಮಷೀನ್‌ಗೆ ಮರಳಿ, ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ಹಾಗೆ ಬಂದರೆ ಹಳೇ ಮಷೀನ್, ಹಳೇ ರೇಟ್ ಸಿಗುತ್ತದಾ ಅಂತ ಮಾಲೀಕರನ್ನು ಈ ವಾರವೇ ಕೇಳಿಟ್ಟುಕೊಳ್ಳಿ.