ಆರು ಕೋಣೆಗೆ ಆರು ಥರ್ಮೋಸ್ಟಾಟ್ ಬೇಕೆ? ಪುಣೆಯ ಮನೆಗೊಂದು ಲೆಕ್ಕ

ನೀವು ಕೇಳಿರುವುದು ಇಷ್ಟು: ಪುಣೆಯ ಬಾಣೇರ್ ಬಡಾವಣೆಯಲ್ಲಿ ಎರಡು ಅಂತಸ್ತಿನ ರೋ ಹೌಸ್ ಕೊಂಡಿದ್ದೀರಿ, ಒಳಗಿನ ಕೆಲಸ ಇನ್ನೂ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿರುವ ತಮ್ಮನ ಮನೆಯಲ್ಲಿ ಪ್ರತಿ ಕೋಣೆಗೂ ಬೇರೆ ಬೇರೆ ತಾಪಮಾನ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ನೋಡಿ ಬಂದಿದ್ದೀರಿ. ಈಗ ಇಲ್ಲಿಯ ಗುತ್ತಿಗೆದಾರರೊಬ್ಬರು ಒಂದೇ ದೊಡ್ಡ ಔಟ್‌ಡೋರ್ ಯೂನಿಟ್‌ಗೆ ಆರು ಇಂಡೋರ್ ಯೂನಿಟ್ ಜೋಡಿಸಿ, ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ, ಕೋಣೆಗೊಂದು ಥರ್ಮೋಸ್ಟಾಟ್ (ತಾಪ ಅಳೆದು ಯಂತ್ರವನ್ನು ಓಡಿಸುವ, ನಿಲ್ಲಿಸುವ ಸಾಧನ), ಎಲ್ಲದಕ್ಕೂ ಮೊಬೈಲ್ ಆ್ಯಪ್ ಎಂದು ಕೊಟೇಶನ್ ಕೊಟ್ಟಿದ್ದಾರೆ. ಧಾರವಾಡದಿಂದ ಬಂದು ನಿಮ್ಮ ಜೊತೆ ಇರಲಿರುವ ತಂದೆತಾಯಿಗೆ ಪುಣೆಯ ಮಾಗಿ ಚಳಿ ತಡೆಯುವುದಿಲ್ಲ ಎಂಬುದು ನಿಮ್ಮ ಮುಖ್ಯ ಚಿಂತೆ. ಆರು ವಲಯ, ಅಂದರೆ ತಾಪವನ್ನು ಬೇರೆ ಬೇರೆಯಾಗಿ ನಿಯಂತ್ರಿಸುವ ಆರು ಭಾಗ, ಮಾಡಿಸಿದರೆ ವಿದ್ಯುತ್ ಉಳಿಯುತ್ತದೆಯೇ ಎಂಬುದು ಪ್ರಶ್ನೆ.

ನನ್ನ ಉತ್ತರ: ಆರು ಬೇಡ, ಮೂರು ಸಾಕು, ಬಿಸಿಯಂತೂ ಒಂದೇ ಕೋಣೆಗೆ ಸಾಕು. ನಾನು ಹುಬ್ಬಳ್ಳಿಯವನು, ಹದಿನೆಂಟು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಇಲ್ಲಿಯ ಕಚೇರಿಯಲ್ಲಿ ಕುಳಿತು ಬ್ರಿಟನ್ನಿನ ಮನೆಗಳ ತಾಪನ ವ್ಯವಸ್ಥೆಯ ನಕ್ಷೆ ತಯಾರಿಸುವುದು ನನ್ನ ವೃತ್ತಿ. ಮೇ ತಿಂಗಳಲ್ಲಿ ಬೆವರು ಒರೆಸಿಕೊಳ್ಳುತ್ತ ಪರರ ಮನೆಯ ಚಳಿಯನ್ನು ಲೆಕ್ಕ ಹಾಕುವ ಕೆಲಸ ಇದು. ಹೀಗಾಗಿ ನಿಮ್ಮ ತಮ್ಮನ ಮನೆಯಲ್ಲಿ ಏನಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಏಕೆಂದರೆ ಅಲ್ಲಿ ಅದು ಏಕೆ ಇದೆ ಎಂದು ತಿಳಿದರೆ ಇಲ್ಲಿ ಎಷ್ಟು ಬೇಕು ಎಂಬುದು ಸುಲಭವಾಗಿ ಗೊತ್ತಾಗುತ್ತದೆ.

ಅಲ್ಲಿಯ ಹೆಚ್ಚಿನ ಮನೆಗಳಲ್ಲಿ ಒಂದು ಗ್ಯಾಸ್ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪು ಆ ನೀರನ್ನು ಕೋಣೆಕೋಣೆಯ ರೇಡಿಯೇಟರಿಗೆ, ಅಂದರೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗೆ ಮಾಡುವ ಲೋಹದ ಹಲಗೆಗೆ, ಒಯ್ಯುತ್ತದೆ. ವಲಯ ಎಂದರೆ ಈ ಕೊಳವೆಗಳನ್ನು ಎರಡು ಮೂರು ಕವಲುಗಳಾಗಿ ಒಡೆದು, ಪ್ರತಿ ಕವಲಿಗೆ ಒಂದು ವಿದ್ಯುತ್ ವಾಲ್ವ್, ಒಂದು ಥರ್ಮೋಸ್ಟಾಟ್ ಮತ್ತು ಒಂದು ವೇಳಾಪಟ್ಟಿ ಕೊಡುವುದು. ಇಂಗ್ಲೆಂಡಿನ ಕಟ್ಟಡ ನಿಯಮವೇ ಸುಮಾರು 150 ಚದರ ಮೀಟರಿಗಿಂತ, ಅಂದರೆ 1,600 ಚದರಡಿಗಿಂತ ದೊಡ್ಡದಾದ ಹೊಸ ಮನೆಯಲ್ಲಿ ಕನಿಷ್ಠ ಎರಡು ವಲಯ ಇರಬೇಕೆಂದು ಹೇಳುತ್ತದೆ. ಕೋಣೆಯ ಮಟ್ಟದ ನಿಯಂತ್ರಣಕ್ಕೆ ಪ್ರತಿ ರೇಡಿಯೇಟರಿನ ಬದಿಗೆ ತಿರುಗಣೆಯಂಥ ಒಂದು ವಾಲ್ವ್ ಇರುತ್ತದೆ. ಅದರ ತಲೆಯೊಳಗಿನ ಮೇಣ ಅಥವಾ ದ್ರವವು ಬಿಸಿಗೆ ಹಿಗ್ಗಿ ನೀರಿನ ದಾರಿಯನ್ನು ತಾನಾಗಿಯೇ ಕಿರಿದು ಮಾಡುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಆ್ಯಪ್ ಕೂಡ ಬೇಡ. ಒಂದು ಕಟ್ಟಳೆ ಮಾತ್ರ ಇದೆ: ಮುಖ್ಯ ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗೆ ಈ ವಾಲ್ವ್ ಹಾಕಬಾರದು. ಹಾಕಿದರೆ ಕೋಣೆ ಬಿಸಿಯಾಗದಂತೆ ವಾಲ್ವ್ ತಡೆಯುತ್ತದೆ, ಬಿಸಿ ಸಾಲದೆಂದು ಥರ್ಮೋಸ್ಟಾಟ್ ಬಾಯ್ಲರನ್ನು ಓಡಿಸುತ್ತಲೇ ಇರುತ್ತದೆ. ಇಬ್ಬರು ಅಡುಗೆಯವರು ಒಂದೇ ಪಾತ್ರೆಯ ಸಾರಿಗೆ ಉಪ್ಪು ಹಾಕಿದ ಹಾಗೆ.

ವಲಯ ಹೆಚ್ಚಿದಷ್ಟೂ ಉಳಿತಾಯ ಹೆಚ್ಚುತ್ತದೆ ಎಂದು ಮಾರುವವರು ಹೇಳುತ್ತಾರೆ. ಅಲ್ಲಿಯೂ ಅದು ಅರ್ಧ ಸತ್ಯ. ಯಾವ ಯಂತ್ರಕ್ಕೂ ಗರಿಷ್ಠ ಶಕ್ತಿ ಇರುವಂತೆ ಕನಿಷ್ಠ ಶಕ್ತಿಯೂ ಇರುತ್ತದೆ. ಅದಕ್ಕಿಂತ ಕೆಳಗೆ ಅದು ನಿಧಾನವಾಗಿ ಓಡಲಾರದು, ನಿಲ್ಲಬೇಕು. ಐದಾರು ಕಿಲೋವ್ಯಾಟ್‌ಗಿಂತ ಕೆಳಗಿಳಿಯದ ಬಾಯ್ಲರಿನ ಮುಂದೆ ಒಂದು ಕಿಲೋವ್ಯಾಟಿನ ಒಂದೇ ರೇಡಿಯೇಟರ್ ತೆರೆದಿದ್ದರೆ, ಬಾಯ್ಲರ್ ಎರಡು ನಿಮಿಷ ಉರಿದು ನೀರನ್ನು ಮಿತಿಮೀರಿ ಕಾಯಿಸಿ ಆರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಮದುವೆಮನೆಯ ಒಲೆಯ ಮೇಲೆ ಒಂದು ಲೋಟ ಚಹಾ ಕಾಯಿಸುವುದೆಂದರೆ ಇದೇ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಂಪಾಗಿದ್ದಾಗ ಮಾತ್ರ ಈಗಿನ ಬಾಯ್ಲರುಗಳು ಹೊಗೆಯಲ್ಲಿರುವ ಆವಿಯ ಶಾಖವನ್ನೂ ಹಿಡಿದುಕೊಳ್ಳಬಲ್ಲವು. ಹೀಗೆ ಹೊತ್ತಿ ಆರುವಾಗ ಆ ಲಾಭವೂ ಕೈತಪ್ಪುತ್ತದೆ. ಬಾಯ್ಲರಿನ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ಎತ್ತಿ ತರುವ ವಿದ್ಯುತ್ ಯಂತ್ರ) ಇದ್ದರಂತೂ ವಲಯಗಳನ್ನು ಆದಷ್ಟು ಕಡಿಮೆ ಮಾಡಿ, ಎಲ್ಲ ರೇಡಿಯೇಟರುಗಳನ್ನೂ ತೆರೆದಿಟ್ಟು, ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಹರಿಸುವುದೇ ಹೆಚ್ಚು ಮಿತವ್ಯಯದ ದಾರಿ ಎಂದು ನಮ್ಮ ಕಚೇರಿಯಲ್ಲಿ ನಾವೇ ಮನೆಯವರಿಗೆ ಬರೆದು ಕಳಿಸುತ್ತೇವೆ.

ಎರಡನೆಯ ಸಂಗತಿ ಒಳಗೋಡೆಗಳದು. ಅಲ್ಲಿಯ ಹೊಸ ಮನೆಗಳ ಹೊರಗೋಡೆಯಲ್ಲಿ ಶಾಖ ತಡೆಯುವ ದಪ್ಪ ಪದರ ಇರುತ್ತದೆ, ಕೋಣೆ ಮತ್ತು ಕೋಣೆಯ ನಡುವಿನ ಗೋಡೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕೋಣೆಯನ್ನು ತಣ್ಣಗೆ ಬಿಟ್ಟರೆ ಪಕ್ಕದ ಕೋಣೆಯ ಶಾಖ ಒಳಗೋಡೆಯನ್ನು ದಾಟಿ ಅಲ್ಲಿಗೆ ಸೋರುತ್ತದೆ, ಆದ್ದರಿಂದ ಲೆಕ್ಕದಲ್ಲಿ ಆರಿಸಿದ ಕೋಣೆಯೂ ನೆರೆಯವರ ಖರ್ಚಿನಲ್ಲಿ ಬೆಚ್ಚಗಿರುತ್ತದೆ. ಇದೇ ಕಾರಣಕ್ಕೆ ಬಳಸದ ಕೋಣೆಯನ್ನು ಪೂರ್ತಿ ಆರಿಸುವ ಬದಲು ಎರಡು ಮೂರು ಡಿಗ್ರಿ ಇಳಿಸುವುದೇ ಅಲ್ಲಿಯ ರೂಢಿ.

ಈಗ ಪುಣೆಗೆ ಬರೋಣ. ಡಿಸೆಂಬರ್ ಮತ್ತು ಜನವರಿಯ ರಾತ್ರಿ ಇಲ್ಲಿ ಉಷ್ಣತೆ 10–12 ಡಿಗ್ರಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಆದರೆ ಅದೇ ದಿನದ ಮಧ್ಯಾಹ್ನ 29–30 ಡಿಗ್ರಿ ಇರುತ್ತದೆ. ಹಗಲಿನ ಬಿಸಿಲನ್ನು ಇಟ್ಟಿಗೆ ಮತ್ತು ಕಾಂಕ್ರೀಟು ಹಿಡಿದಿಟ್ಟುಕೊಳ್ಳುವುದರಿಂದ ಹೊರಗೆ 11 ಇದ್ದಾಗಲೂ ಒಳಗೆ 18ರಿಂದ 20 ಇರುವುದು ಸಾಮಾನ್ಯ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಓಡುತ್ತದೆ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ, ಅಷ್ಟು ದಿನವೂ ಬೇಕಾಗದು. ಅಂದರೆ ನಿಮಗೆ ಬಿಸಿ ಬೇಕಾಗಿರುವುದು ಹೆಚ್ಚೆಂದರೆ ಆರೇಳು ವಾರ, ರಾತ್ರಿ ಮತ್ತು ಬೆಳಗಿನ ಜಾವ, ಹಿರಿಯರು ಮಲಗುವ ಒಂದು ಕೋಣೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ, ವಯಸ್ಸಾದವರಿಗೆ ಅದಕ್ಕಿಂತ ತುಸು ಹೆಚ್ಚು ಬೇಕಾಗಬಹುದು ಎಂದು ಹೇಳಿದೆ. 21 ಇಟ್ಟುಕೊಂಡರೆ ಸಾಕು.

ಲೆಕ್ಕ ಮಾಡಿ ತೋರಿಸುತ್ತೇನೆ. ಕೆಳಅಂತಸ್ತಿನಲ್ಲಿ 12 ಅಡಿಗೆ 14 ಅಡಿಯ ಕೋಣೆ, ಒಂದು ಬದಿ ಮಾತ್ರ ಹೊರಗೋಡೆ ಎಂದುಕೊಳ್ಳಿ. ಹೊರಗೆ 11, ಒಳಗೆ 21. ಗಿಲಾವು ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಿಂದ ಸುಮಾರು 240 ವ್ಯಾಟ್, ಒಂಟಿ ಗಾಜಿನ ಕಿಟಕಿಯಿಂದ 115, ಸಂದಿಗೊಂದಿಯ ಗಾಳಿಯಿಂದ 150. ಒಳಗೋಡೆ ಮತ್ತು ಬಾಗಿಲಿಗೆ ಇನ್ನೊಂದು 200 ಸೇರಿಸಿದರೆ ಒಟ್ಟು 700 ವ್ಯಾಟ್. ಎಂಟು ತಾಸಿಗೆ ಐದೂವರೆ ಯೂನಿಟ್ ಶಾಖ. ಆಯಿಲ್ ರೇಡಿಯೇಟರ್ (ಎಣ್ಣೆ ತುಂಬಿದ ವಿದ್ಯುತ್ ಹೀಟರ್) ಇಟ್ಟರೆ ಅಷ್ಟೂ ಯೂನಿಟ್ ಮೀಟರಿನಲ್ಲಿ ಓಡುತ್ತದೆ. ಬಿಸಿ–ತಂಪು ಎರಡನ್ನೂ ಕೊಡುವ ಇನ್ವರ್ಟರ್ ಎಸಿ (ಬೇಕಾದಷ್ಟಕ್ಕೆ ವೇಗ ಏರಿಳಿಸುವ ಎಸಿ) ಹೊರಗಿನ ಗಾಳಿಯಿಂದ ಶಾಖವನ್ನು ಎತ್ತಿ ತರುವುದರಿಂದ ಅದರ ಮೂರನೆಯ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡುತ್ತದೆ. 45 ರಾತ್ರಿಗೆ ಒಂದರಲ್ಲಿ 250 ಯೂನಿಟ್, ಇನ್ನೊಂದರಲ್ಲಿ 85. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಗೃಹಬಳಕೆಯ ದರ ತಿಂಗಳ ಬಳಕೆ 100, 300 ಮತ್ತು 500 ಯೂನಿಟ್ ದಾಟಿದಾಗಲೆಲ್ಲ ಒಂದು ಮೆಟ್ಟಿಲು ಏರುವುದರಿಂದ ಈ ವ್ಯತ್ಯಾಸ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಹಾಗೆಂದು ತಂದೆತಾಯಿಗೆ ಎಸಿಯ ಗಾಳಿಯೇ ಆಗದಿದ್ದರೆ ಆಯಿಲ್ ರೇಡಿಯೇಟರನ್ನೇ ಇಡಿ. ನೂರಅರವತ್ತೈದು ಯೂನಿಟ್ ಉಳಿಸಲು ಹಿರಿಯರ ನಿದ್ದೆ ಕೆಡಿಸುವುದು ನನಗೆ ಸರಿ ಕಾಣುವುದಿಲ್ಲ. ಎಸಿಯನ್ನೇ ಹಾಕಿಸಿದರೆ ಬಿಸಿಗಾಳಿ ಚಾವಣಿಗೆ ಹೋಗಿ ನಿಲ್ಲದಂತೆ ಅದರ ರೆಕ್ಕೆಗಳನ್ನು ನೆಲದ ಕಡೆಗೆ ತಿರುಗಿಸಿಡಬೇಕು.

ಹಾಗಾದರೆ ವಲಯ ಯಾವುದು? ಕೋಣೆಗಳನ್ನು ಎಣಿಸಬೇಡಿ, ಯಾವ ಹೊತ್ತಿಗೆ ಯಾರು ಅಲ್ಲಿರುತ್ತಾರೆ, ಯಾವ ಗೋಡೆಗೆ ಬಿಸಿಲು ಬೀಳುತ್ತದೆ, ಯಾವ ಬಾಗಿಲು ನಿಜವಾಗಿ ಮುಚ್ಚುತ್ತದೆ ಎಂಬುದನ್ನು ನೋಡಿ. ಹಿರಿಯರ ಕೋಣೆ ಒಂದು. ಪಡಸಾಲೆ, ಊಟದ ಜಾಗ ಮತ್ತು ಅಡುಗೆಮನೆಯ ನಡುವೆ ಬಾಗಿಲೇ ಇಲ್ಲ ಎಂದಿದ್ದೀರಿ, ಆದ್ದರಿಂದ ಅಲ್ಲಿ ಮೂರು ಥರ್ಮೋಸ್ಟಾಟ್ ಇಟ್ಟರೂ ಗಾಳಿ ಒಂದೇ; ಅದು ಎರಡನೆಯದು. ಮೇಲಿನ ಮಲಗುವ ಕೋಣೆಗಳು ಪಶ್ಚಿಮಕ್ಕಿವೆ ಮತ್ತು ತಾರಸಿಯ ಕೆಳಗಿವೆ; ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಸ್ಲ್ಯಾಬು ಬಿಸಿ ಉಗುಳುತ್ತಿರುತ್ತದೆ, ಅದು ಮೂರನೆಯದು. ಮೆಟ್ಟಿಲಿನ ಜಾಗದಲ್ಲಿ ತಂಪು ಗಾಳಿ ಕೆಳಗೆ ಜಾರುತ್ತದೆ, ಬಿಸಿ ಮೇಲಕ್ಕೆ ಏರುತ್ತದೆ. ಅಲ್ಲಿ ಒಂದು ಬಾಗಿಲು ಅಥವಾ ದಪ್ಪ ಪರದೆ ಮಾಡುವ ಉಪಕಾರವನ್ನು ಯಾವ ಆ್ಯಪ್ ಕೂಡ ಮಾಡದು. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಚೈನಾ ಮೊಸಾಯಿಕ್ (ಪಿಂಗಾಣಿ ಚೂರುಗಳ ಹಾಸು) ಹಾಕಿಸುವ ಯೋಚನೆ ಇದ್ದರೆ ಆ ಖರ್ಚನ್ನು ಮೊದಲು ಮಾಡಿ.

ಥರ್ಮೋಸ್ಟಾಟ್ ಎಲ್ಲಿ ಕೂರಿಸಬೇಕು ಎಂಬುದರಲ್ಲಿ ನಾನೇ ಪೆಟ್ಟು ತಿಂದವನು. ಊರಿನವರ ಮನೆಗಳಿಗೆಲ್ಲ ನಕ್ಷೆ ಮಾಡುವ ನಾನು ಸ್ವಂತ ಫ್ಲ್ಯಾಟಿನಲ್ಲಿ, ಅಂದ ಕೆಡದಿರಲಿ ಎಂದು, ಅದನ್ನು ಫ್ರಿಜ್ಜಿನ ಹಿಂದಿನ ಗೋಡೆಯ ಮಗ್ಗುಲಿಗೆ ಹಾಕಿಸಿದೆ. ಫ್ರಿಜ್ಜಿನ ಶಾಖಕ್ಕೆ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಕೋಣೆ 23ಕ್ಕೆ ಇಳಿದಿದ್ದರೂ ಅದು 26 ಎಂದು ತೋರಿಸುತ್ತಿತ್ತು, ಎಸಿ ನಿಲ್ಲುತ್ತಲೇ ಇರಲಿಲ್ಲ. ಎರಡು ಬಿಲ್ಲು ಬಂದ ಮೇಲೆ ಮನೆಯಾಕೆ ಶಾಲು ಹೊದ್ದು ಕುಳಿತು ಕಾರಣ ಕೇಳಿದಳು. ನೆಲದಿಂದ ಸುಮಾರು ನಾಲ್ಕೂವರೆ–ಐದಡಿ ಎತ್ತರದಲ್ಲಿ, ಒಳಗೋಡೆಯ ಮೇಲೆ, ಬಿಸಿಲು, ಟಿವಿ, ಒಲೆ, ಎಸಿಯ ನೇರ ಗಾಳಿ ಇವು ತಾಗದ ಕಡೆ ಅದು ಇರಬೇಕು. ಇಂಡೋರ್ ಯೂನಿಟ್‌ನೊಳಗಿನ ಸೆನ್ಸರ್ ಚಾವಣಿಯ ಹತ್ತಿರದ ಗಾಳಿಯನ್ನು ಅಳೆಯುತ್ತದೆ, ಬಿಸಿ ಕೊಡುವಾಗ ಅದು ಹಾಸಿಗೆಯ ಮಟ್ಟಕ್ಕಿಂತ ಬೇಗ ತೃಪ್ತಿಪಡುತ್ತದೆ. ಆದ್ದರಿಂದ ಹಿರಿಯರ ಕೋಣೆಗೆ ಮಾತ್ರ ಗೋಡೆಯ ಮೇಲಿನ ಅಥವಾ ರಿಮೋಟಿನಲ್ಲಿರುವ ಸೆನ್ಸರ್ ಇರುವ ಮಾದರಿಯನ್ನು ಕೇಳಿ ಪಡೆಯಿರಿ.

ಇದೇ ಪ್ರಶ್ನೆಯನ್ನು ಪಣಜಿಯಿಂದ ಯಾರಾದರೂ ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿ ಮಳೆಗಾಲದಲ್ಲಿ 28 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇಕಡ 85 ಇದ್ದರೆ, 25 ಡಿಗ್ರಿಯ ಗೋಡೆಯ ಮೇಲೆ ಅದು ನೀರಾಗಿ ಇಳಿಯುತ್ತದೆ. ಒಂದು ಕೋಣೆಯನ್ನು 22ಕ್ಕೆ ತಂಪು ಮಾಡಿ ಪಕ್ಕದ್ದನ್ನು ಮುಚ್ಚಿಟ್ಟರೆ ಮುಚ್ಚಿದ ಕೋಣೆಯ ಗೋಡೆಗೆ ಬೂಸು ಹಿಡಿಯುತ್ತದೆ. ಪುಣೆಯಲ್ಲಿ ಈ ಕಾಟ ಕಡಿಮೆ.

ಗುತ್ತಿಗೆದಾರರು ಹೇಳಿರುವ 6 ಎಚ್‌ಪಿಯ ಔಟ್‌ಡೋರ್ ಯೂನಿಟ್ ಸುಮಾರು 16 ಕಿಲೋವ್ಯಾಟ್, ಅಂದರೆ ನಾಲ್ಕೂವರೆ ಟನ್ ತಂಪು ಕೊಡುವಂಥದು. ರಾತ್ರಿ ಎರಡು ಗಂಟೆಗೆ ಒಂದೇ ಮಲಗುವ ಕೋಣೆಗೆ ಒಂದು ಕಿಲೋವ್ಯಾಟ್ ಸಾಕಾಗಿರುವಾಗ ಈ ಯಂತ್ರ ಎಷ್ಟು ಕೆಳಗೆ ಇಳಿಯಬಲ್ಲುದು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸಾಮಾನ್ಯ ಮಾದರಿಗಳಲ್ಲಿ ಎಲ್ಲ ಕೋಣೆಗಳೂ ಒಂದೇ ಹೊತ್ತಿಗೆ ತಂಪಿನಲ್ಲಿ ಅಥವಾ ಒಂದೇ ಹೊತ್ತಿಗೆ ಬಿಸಿಯಲ್ಲಿ ಇರಬೇಕಾಗುತ್ತದೆ. ಒಂದಕ್ಕೆ ಬಿಸಿ, ಇನ್ನೊಂದಕ್ಕೆ ತಂಪು ಬೇಕಿದ್ದರೆ ಹೀಟ್ ರಿಕವರಿ ಎಂಬ ದುಬಾರಿ ಮಾದರಿಯೇ ಆಗಬೇಕು. ವೈಫೈ ಇಲ್ಲದಾಗ ಗೋಡೆಯ ಗುಂಡಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ಕೇಳಿ. ಔಟ್‌ಡೋರ್ ಯೂನಿಟ್ ಇಡಲು ಸೊಸೈಟಿ ಒಂದೇ ಜಾಗ ಕೊಡುತ್ತದೆ ಎಂದಾದರೆ ಈ ವ್ಯವಸ್ಥೆಗೆ ಅರ್ಥವಿದೆ. ಇಲ್ಲವಾದರೆ ಮಲಗುವ ಕೋಣೆಗಳಿಗೆ ಬಿಡಿಬಿಡಿಯಾದ ಇನ್ವರ್ಟರ್ ಎಸಿಗಳೇ ಮೇಲು: ಪ್ರತಿಯೊಂದೂ ತನ್ನಷ್ಟಕ್ಕೆ ಒಂದು ವಲಯ, ತನ್ನ ಕೋಣೆಗೆ ತಕ್ಕಷ್ಟೇ ದೊಡ್ಡದು, ಮೇ ತಿಂಗಳಲ್ಲಿ ಒಂದರ ಬೋರ್ಡು ಸುಟ್ಟರೆ ಮನೆಯವರೆಲ್ಲ ಇನ್ನೊಂದು ಕೋಣೆಯಲ್ಲಿ ಮಲಗಬಹುದು.

ಗಿಲಾವು ಇನ್ನೂ ಆಗಿಲ್ಲವಾದ್ದರಿಂದ ಒಂದು ಕೆಲಸವನ್ನು ಈ ವಾರವೇ ಮಾಡಿಸಿ. ಎಸಿ ಈಗ ಕೊಳ್ಳದ ಕೋಣೆಗಳಿಗೂ ಸೇರಿಸಿ ತಾಮ್ರದ ಕೊಳವೆ, ನೀರು ಇಳಿಯುವ ಪೈಪು ಮತ್ತು ಥರ್ಮೋಸ್ಟಾಟ್ ಕೂರುವ ಜಾಗಕ್ಕೆ ಒಂದು ಖಾಲಿ ವೈರಿನ ನಳಿಕೆಯನ್ನು ಗೋಡೆಯೊಳಗೆ ಹಾಕಿಸಿ, ಕೊಳವೆಯ ಬಾಯಿಗಳನ್ನು ಬೆಸುಗೆ ಹಾಕಿ ಮುಚ್ಚಿಸಿ, ಎಲ್ಲೆಲ್ಲಿ ಹೋಗಿವೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕೋಣೆಗಳ ಅಳತೆ ಮತ್ತು ದಿಕ್ಕನ್ನು ಇಲ್ಲಿಯೇ ಕೆಳಗೆ ಬರೆದರೆ ಯಾವ ಕೋಣೆಗೆ ಎಷ್ಟು ಟನ್ ಎಂಬ ಲೆಕ್ಕವನ್ನು ನಾನು ಹಾಕಿಕೊಡುತ್ತೇನೆ.